ಬಿಚ್ಚಿ ನೋಡುವ ಭಾವ

ಹಳೆಯ ಬೋಟು ಕೊಳ್ಳುವವರಲ್ಲಿ ನಮ್ಮ ಕರಾವಳಿಯಲ್ಲಿ ಎರಡು ಜಾತಿ. ಒಂದು ಜಾತಿಯವರು ಮೀನು ಹಿಡಿಯಲು ಕೊಳ್ಳುತ್ತಾರೆ. ಅವರಿಗೆ ಇಂಜಿನ್ ಓಡಿದರೆ ಸಾಕು, ಬಣ್ಣ ಹೋದರೆ ಹೋಗಲಿ. ಇನ್ನೊಂದು ಜಾತಿಯವರು ರಿಪೇರಿ ಮಾಡಲಿಕ್ಕೆಂದೇ ಕೊಳ್ಳುತ್ತಾರೆ. ಇವರಿಗೆ ಸಾಮಾನ್ಯವಾಗಿ ಪಿಂಚಣಿ ಬರುತ್ತಿರುತ್ತದೆ, ಮಂಡಿ ನೋವಿರುತ್ತದೆ, ಕೂಗಳತೆಯಲ್ಲಿ ಹೆಂಡತಿಯ ತಮ್ಮನೊಬ್ಬ ಮನೆ ಕಟ್ಟಿಕೊಂಡಿರುತ್ತಾನೆ. ಆ ತಮ್ಮ ನಾನು.

ಈ ಎರಡನೇ ಜಾತಿಯನ್ನು ಗುರುತಿಸುವುದು ಕಷ್ಟವಲ್ಲ. ಮದುವೆಮನೆಯಲ್ಲಿ ಎಲ್ಲರೂ ಹೋಳಿಗೆಯ ಎರಡನೇ ಸುತ್ತಿಗೆ ಕಾಯುತ್ತಿದ್ದರೆ ಇವರು ಸಭಾಭವನದ ಹಿಂದೆ, ಜನರೇಟರಿನ ಪಕ್ಕ ತಲೆ ವಾಲಿಸಿ ನಿಂತಿರುತ್ತಾರೆ. ಜುಬ್ಬದ ಕಿಸೆಯಲ್ಲಿ ಕರ್ಚೀಫಿನ ಜೊತೆ ಒಂದು ಹಿತ್ತಾಳೆ ನಟ್ಟು. ಉಗುರಿನ ಸಂದಿಯ ಕಪ್ಪು ಯಾವ ಸೋಪಿಗೂ ಬಗ್ಗದ್ದು. ಲೋಕದಲ್ಲಿ ಯಾವುದಾದರೂ ವಸ್ತು ಕೆಟ್ಟಿದೆ ಎಂದು ಇವರು ಒಪ್ಪುವುದೇ ಇಲ್ಲ. ಮಿಕ್ಸಿ ನಿಂತರೂ, ಟಿ.ವಿ. ಆರಿದರೂ, ಸೋದರಳಿಯನ ಸಂಸಾರದಲ್ಲಿ ಜಗಳವೆದ್ದರೂ ನಮ್ಮ ಭಾವನ ಬಾಯಲ್ಲಿ ಒಂದೇ ಮಾತು: "ಬಿಚ್ಚಿ ನೋಡುವ." ಅಕ್ಕನ ಮಿಕ್ಸಿ ಇವತ್ತಿಗೂ ಬಿಚ್ಚಿದ ಸ್ಥಿತಿಯಲ್ಲೇ ಇದೆ. ಸೋದರಳಿಯ ಬುದ್ಧಿವಂತ, ಸ್ವಲ್ಪ ಕಾಲ ಈ ಕಡೆ ತಲೆ ಹಾಕಲಿಲ್ಲ. ಸಂಸಾರ ತಾನಾಗಿ ಸರಿಹೋಯಿತು.

ಭಾವ ಕೊಂಡ ಬೋಟು 28 ಅಡಿಯದು, ಮರದ್ದು. ಹಂಗಾರಕಟ್ಟೆಯ ಹತ್ತಿರ, ಸ್ವರ್ಣಾ, ಸೀತಾ ಹೊಳೆಗಳು ಕೂಡಿ ಕಡಲು ಸೇರುವ ಅಳಿವೆಯಿಂದ ತುಸು ಒಳಗೆ, ಒಂದು ತೆಂಗಿನ ತೋಟದ ಅಂಚಿನಲ್ಲಿ ದಿಮ್ಮಿಗಳ ಮೇಲೆ ಕೂತಿತ್ತು. ಮಾರಿದವನು ಪ್ರಾಮಾಣಿಕ. "ಮೇನೇಜರ್ರೆ, ಇದು ಸೌದೆಗೆ ಆದೀತು," ಎಂದು ಮೊದಲೇ ಹೇಳಿದ. ಭಾವ ಅದನ್ನು ಚೌಕಾಸಿಯ ಪಟ್ಟು ಎಂದುಕೊಂಡು, ಸೌದೆಯ ಬೆಲೆಯಿಂದ ಶುರುಮಾಡಿ ತಾವಾಗಿಯೇ ಮೇಲೆ ಮೇಲೆ ಹೋದರು. ಮಾರುವವನೇ ಕಡೆಗೆ ಸಂಕೋಚದಿಂದ ತಡೆದ.

"ರಿಪೇರಿ ಮಾಡುವ ಹುಚ್ಚಿದ್ದರೆ ನಾಡದೋಣಿಗೆ ಒಂದು ಔಟ್‌ಬೋರ್ಡ್ ಹಾಕಿಸಿಕೊಳ್ಳಬಹುದಿತ್ತಲ್ಲ ಭಾವ?" ಎಂದು ನಾನು ಕೇಳಿದ್ದುಂಟು. ಅವರು ನನ್ನನ್ನು ನೋಡಿದ ನೋಟದಲ್ಲಿ ಕರುಣೆಯಿತ್ತು. ಔಟ್‌ಬೋರ್ಡ್ ಎಂದರೆ ದೋಣಿಯ ಹಿಂದೆ ನೇತುಹಾಕಿದ ಇಂಜಿನ್. ಕೆಟ್ಟರೆ ಕಳಚಿ, ಹೆಗಲ ಮೇಲೆ ಹೊತ್ತು, ಮೆಕ್ಯಾನಿಕ್ಕಿನ ಅಂಗಡಿಯಲ್ಲಿಟ್ಟು ಬರಬಹುದು. ಭಾವನ ಆಕ್ಷೇಪ ಇದ್ದದ್ದೇ ಅಲ್ಲಿ. ಇನ್‌ಬೋರ್ಡ್ ಇಂಜಿನ್ ಬೋಟಿನ ಹೊಟ್ಟೆಯೊಳಗೆ ಕೂತಿರುತ್ತದೆ. ಅದರಿಂದ ಹೊರಟ ಶಾಫ್ಟ್ ಹಿಂಬದಿಯ ಮರವನ್ನು ತೂರಿ ನೀರಿಗಿಳಿದು ಫ್ಯಾನನ್ನು ತಿರುಗಿಸುತ್ತದೆ. ಅದನ್ನು ನಾವು ಎತ್ತಿಕೊಂಡು ಹೋಗುವ ಹಾಗಿಲ್ಲ, ನಾವೇ ಅದರ ಬಳಿಗೆ ಹೋಗಬೇಕು, ಅದೂ ತಲೆ ಮುಂದಾಗಿ. ಭಾವನಿಗೆ ಬೇಕಾದದ್ದು ಈ ತಲೆ ಮುಂದಾಗಿ ಹೋಗುವ ಅವಕಾಶವೇ ಎಂದು ನನ್ನ ಅನುಮಾನ. ಅಲ್ಲಿ ಫೋನು ಕೇಳಿಸುವುದಿಲ್ಲ, ಅಕ್ಕನೂ ಕೇಳಿಸುವುದಿಲ್ಲ.

ಇಂಜಿನ್ನಿನ ಚರಿತ್ರೆ ಶುರುವಾದರೆ ಊಟ ತಡ. 1952ರಲ್ಲಿ ನಾರ್ವೆ ದೇಶದ ಜೊತೆ ಒಪ್ಪಂದವಾಗಿ ಕೇರಳದ ಕೊಲ್ಲಂ ಬಳಿ ಮೀನುಗಾರರ ದೋಣಿಗೆ ಇಂಜಿನ್ ಕೂರಿಸಿದ ಕಥೆ, ಅಲ್ಲಿಂದ ಆ ಗಾಳಿ ನಮ್ಮ ಕರಾವಳಿಗೂ ಬೀಸಿದ ಕಥೆ. ಮರ ತಿನ್ನುವ ಕಡಲ ಹುಳು ನಿಜವಾಗಿ ಹುಳುವೇ ಅಲ್ಲ, ಮಳವಿಯ ಬಳಗದ ಚಿಪ್ಪುಜೀವಿ ಎಂಬ ಕಥೆ. ಲಂಡನ್ನಿನ ಥೇಮ್ಸ್ ನದಿಯ ಅಡಿಗೆ ಸುರಂಗ ತೋಡಿದ ಬ್ರೂನೆಲ್ ಅದು ಮರ ಕೊರೆಯುವ ಕ್ರಮವನ್ನು ನೋಡಿಯೇ ತನ್ನ ಉಪಾಯ ಕಂಡುಕೊಂಡನಂತೆ. "ಹಾಗಾದರೆ ನಮ್ಮ ಬೋಟಿನ ಅಡಿಯಲ್ಲಿ ಎಂಥ ಎಂಥ ಇಂಜಿನಿಯರುಗಳಿದ್ದಾರೋ!" ಎಂದು ಅಕ್ಕ ಸಾರು ಬಡಿಸುತ್ತಾ ಹೇಳಿದಳು. ಡೀಸೆಲ್ ಇಂಜಿನ್ ಕಂಡುಹಿಡಿದ ರುಡಾಲ್ಫ್ ಡೀಸೆಲ್ 1913ರಲ್ಲಿ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ರಾತ್ರಿ ಕಾಣೆಯಾದ, ಆಮೇಲೆ ಹೆಣ ಕಡಲಲ್ಲಿ ಸಿಕ್ಕಿತು. ಭಾವ ಇದನ್ನು ದೊಡ್ಡ ದುರಂತವೆಂದು ಗದ್ಗದವಾಗಿ ಹೇಳುತ್ತಾರೆ. ಅಕ್ಕ ಮಾತ್ರ, "ಪಾಪ, ಅವನ ಹೆಂಡತಿ ಎಷ್ಟು ಸಹಿಸಿಕೊಂಡಿದ್ದಳೋ," ಎನ್ನುತ್ತಾಳೆ.

ಇಷ್ಟನ್ನೆಲ್ಲ ನಾನು ಸಹಿಸಬಲ್ಲೆ. ಸಹಿಸಲಾರದ್ದು ಟಾರ್ಚು.

ಭಾನುವಾರ ಬೆಳಿಗ್ಗೆ ಫೋನು ಬರುತ್ತದೆ. "ಎಂತ ಮಾರಾಯ, ಪುರುಸೊತ್ತುಂಟಾ? ಐದು ನಿಮಿಷ ಬಂದು ಹೋಗು." ಆ ಐದು ನಿಮಿಷದಲ್ಲಿ ಮಧ್ಯಾಹ್ನದ ಊಟ, ಸಂಜೆಯ ಚಹಾ ಎರಡೂ ಸೇರಿರುತ್ತವೆ. ನನ್ನ ಕೆಲಸ ಟಾರ್ಚು ಹಿಡಿಯುವುದು. ಭಾವ ಇಂಜಿನ್ ಗೂಡಿನೊಳಗೆ, ಬಾವಿಗೆ ಬಿದ್ದ ಕೊಡ ಹುಡುಕುವವರಂತೆ, ಸೊಂಟದವರೆಗೆ ಇಳಿದಿರುತ್ತಾರೆ. ಒಳಗಿನಿಂದ ಆಜ್ಞೆಗಳು ಬರುತ್ತವೆ. "ಇಲ್ಲಿ ಹಿಡಿ." ಇಲ್ಲಿ ಎಂದರೆ ಎಲ್ಲಿ ಎಂದು ಮೇಲಿರುವವನಿಗೆ ಕಾಣುವುದಿಲ್ಲ. "ಅಲ್ಲಲ್ಲ ಮಾರಾಯ, ಅದರ ಹಿಂದೆ." ಅದು ಎಂದರೆ ಯಾವುದು? "ಕೈ ಅಲ್ಲಾಡಿಸಬೇಡ!" ಅಲ್ಲಾಡಿಸದೆ ಏನು ಮಾಡಲಿ, ಸೊಳ್ಳೆಗೆ ಭಾನುವಾರವಿಲ್ಲ.

ಅವರು ಮಾಡುತ್ತಿದ್ದದ್ದು ಶಾಫ್ಟನ್ನು ನೇರ ಕೂರಿಸುವ ಕೆಲಸ. ಗೇರ್‌ಬಾಕ್ಸಿನ ತುದಿಯಲ್ಲೊಂದು ಕಬ್ಬಿಣದ ಬಿಲ್ಲೆ, ಶಾಫ್ಟಿನ ತುದಿಯಲ್ಲೊಂದು. ಎರಡೂ ಮುಖಕ್ಕೆ ಮುಖ ಕೂರಬೇಕು, ನಡುವಿನ ಸಂದು ಮೇಲೆ ಕೆಳಗೆ ಎಡಕ್ಕೆ ಬಲಕ್ಕೆ ಒಂದೇ ಇರಬೇಕು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಇಂಜಿನ್ ಓಡುವಾಗ ಬೋಟು ಪೂರ್ತಿ ನಡುಗುತ್ತದೆ, ಬೇರಿಂಗು ತಿಂದುಹೋಗುತ್ತದೆ. ಫೀಲರ್ ಗೇಜಿನ ತೆಳುವಾದ ಅಲಗನ್ನು ಸಂದಿಯಲ್ಲಿ ಆಡಿಸಿ, ಇಂಜಿನ್ನಿನ ಕಾಲಡಿ ತಗಡಿನ ಚೂರು ಸೇರಿಸಿ, ಮತ್ತೆ ಅಳೆದು, ಚೂರು ತೆಗೆದು, ಹೀಗೆ ವಾರಗಟ್ಟಲೆ ನಡೆಯಿತು. ಎಲ್ಲ ಮುಗಿದು ಭಾವ ಹೊರಬಂದು ಬೆನ್ನು ನೆಟ್ಟಗೆ ಮಾಡಿದ ದಿನ, ಬೀಡಿ ಸೇದುತ್ತಾ ಕೂತಿದ್ದ ಮರಗೆಲಸದ ಆಚಾರ್ರು ಹೇಳಿದರು: "ಅದನ್ನು ಬೋಟು ನೀರಿಗೆ ಇಳಿದ ಮೇಲೆ ಮತ್ತೆ ಮಾಡ್ಬೇಕಲ್ಲ ಮೇನೇಜರ್ರೆ. ದಿಮ್ಮಿ ಮೇಲೆ ಇರುವಾಗ ಮರದ ಮೈ ಬೇರೆ, ನೀರಲ್ಲಿ ಬೇರೆ."

ನಾನು ಟಾರ್ಚನ್ನು ಹೊಳೆಗೆ ಎಸೆಯುವವನಿದ್ದೆ. ಭಾವನ ಮುಖ ನೋಡಿ ನಿಂತೆ. ಆ ಮುಖ ಅರಳಿತ್ತು. ಮುಗಿದೇಹೋಯಿತೆಂದುಕೊಂಡ ಕೆಲಸ ಮತ್ತೊಮ್ಮೆ ಸಿಕ್ಕಿತಲ್ಲ ಎಂಬ ಸಂತೋಷ ಅದು.

ಚೌತಿ ಕಳೆದು ಬೋಟನ್ನು ನೀರಿಗಿಳಿಸಿದರು. ನೆಂಟರಿಷ್ಟರಿಗೆಲ್ಲ ಹೇಳಿಕೆ ಹೋಗಿತ್ತು. ಹಲಗೆ ಸಂದಿಗಳಿಗೆ ಹತ್ತಿ ತುಂಬಿ, ರಾಳ ಮೆತ್ತಿ, ಮೇಲೆ ನೀಲಿ ಬಣ್ಣ ಬಳಿದು, ಮೂತಿಗೆ ಸೇವಂತಿಗೆ ಹಾರ ಹಾಕಿ, ತೆಂಗಿನಕಾಯಿ ಒಡೆದದ್ದಾಯಿತು. ಆಳುಗಳು ಐಸಾ ಹೇಳುತ್ತಾ ಉರುಳುಗಳ ಮೇಲೆ ದೂಡಿದರು. ಬೋಟು ಗಂಭೀರವಾಗಿ ಹೊಳೆಗಿಳಿಯಿತು. ಪಟ್ಟೆ ಪಂಚೆಯುಟ್ಟ ದೊಡ್ಡಪ್ಪ ಮೊದಲಿಗರಾಗಿ ಹತ್ತಿ ಕೂತರು. ಸ್ವಲ್ಪ ಹೊತ್ತಿಗೆ, "ಇಲ್ಲಿ ಕಾಲಿಗೆ ತಂಪಾಗ್ತಾ ಉಂಟಲ್ಲ," ಎಂದರು. ನೋಡಿದರೆ ಸಂದಿಸಂದಿಯಿಂದ ನೀರು. ಹೆಂಗಸರು ಕೂಗಿದರು. ಭಾವ ಕೈಯೆತ್ತಿ ಎಲ್ಲರನ್ನೂ ಸಮಾಧಾನಪಡಿಸಿ, "ಹೆದರಬೇಡಿ, ಮರ ನೀರು ಕುಡಿಯುತ್ತಾ ಉಂಟು!" ಎಂದು ಸಾರಿದರು. ಅದು ಸತ್ಯವೇ. ಒಣಗಿದ ಮರ ನೀರಲ್ಲಿ ಉಬ್ಬಿ ತನ್ನ ಸಂದಿಯನ್ನು ತಾನೇ ಮುಚ್ಚಿಕೊಳ್ಳುತ್ತದೆ. ಮುಚ್ಚಿಕೊಳ್ಳುವವರೆಗೆ ಒಳಗಿನ ನೀರನ್ನು ಯಾರಾದರೂ ಹೊರಗೆ ಚೆಲ್ಲುತ್ತಿರಬೇಕು. ಪಾನಕಕ್ಕೆ ತಂದಿದ್ದ ಬಕೆಟ್ಟು ನನ್ನ ಕೈಗೆ ಬಂತು.

ಮರ ಕುಡಿದು ತೃಪ್ತಿಯಾದ ಮೇಲೆ ಇಂಜಿನ್ನಿನ ಸರದಿ. ಭಾವ ಹ್ಯಾಂಡಲ್ ಹಾಕಿ ತಿರುಗಿಸಿದರು. ಕೆಮ್ಮಿತು. ಇನ್ನೊಮ್ಮೆ ತಿರುಗಿಸಿದರು. ಒಮ್ಮೆಗೇ ಕಪ್ಪು ಹೊಗೆಯುಗುಳಿ ಡಬಡಬ ಎಂದು ಹೊರಟೇಬಿಟ್ಟಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ಅಕ್ಕನೂ ತಟ್ಟಿದಳು, ನಾನು ನೋಡಿದ್ದೇನೆ. ಆಮೇಲೆ ಇಂಜಿನ್ ಮೇಸ್ತ್ರಿ ಹೊಗೆ ಕೊಳವೆಯ ಕಡೆ ಬಗ್ಗಿ ನೋಡಿ, "ಹೊಗೆಯೊಟ್ಟಿಗೆ ನೀರು ಬರ್ತಾ ಇಲ್ಲ ಮೇನೇಜರ್ರೆ!" ಎಂದು ಕಿರುಚಿದ. ಇಂಜಿನ್ನನ್ನು ತಂಪು ಮಾಡಲು ಹೊಳೆಯ ನೀರನ್ನು ಒಳಗೆ ಎಳೆಯುವ ವಾಲ್ವನ್ನು, ಸೋರುತ್ತದೆ ಎಂದು, ಭಾವನೇ ಮುಚ್ಚಿದ್ದರು. ನೀರೆತ್ತುವ ಪಂಪಿನೊಳಗೆ ರಬ್ಬರಿನ ಚಕ್ರವಿರುತ್ತದೆ, ಒಣಗಿ ತಿರುಗಿದರೆ ನೋಡನೋಡುತ್ತಲೇ ಸುಟ್ಟು ಕರಟುತ್ತದೆ. ಕರಟಿತು.

ಬೇರೆಯವರಾದರೆ ತಲೆಮೇಲೆ ಕೈಹೊತ್ತು ಕೂರುತ್ತಿದ್ದರು. ಭಾವ ಅಂಗಿ ಕಳಚಿ, "ಅಷ್ಟೇ ಅಲ್ವಾ? ಬಿಚ್ಚಿ ನೋಡುವ," ಎಂದು ಗೂಡಿಗಿಳಿದರು. ನೆಂಟರು ದಡದಲ್ಲಿ ಗೋಳಿಬಜೆ ತಿಂದರು, ಚಹಾ ಕುಡಿದರು, ಹೊರಡುವ ಹೊತ್ತಾಯಿತು. ಭಾವನಲ್ಲಿ ಹೊರಗೆ ಕಾಣುತ್ತಿದ್ದದ್ದು ಎರಡು ಪಾದ ಮಾತ್ರ. ಹಿರಿಯರ ಪಾದಕ್ಕೆ ನಮಸ್ಕರಿಸುವ ಸಂಪ್ರದಾಯ ನಮ್ಮಲ್ಲಿ ಇರುವುದರಿಂದ ಚಿಕ್ಕವರಿಗೇನೂ ತೊಂದರೆಯಾಗಲಿಲ್ಲ.

ಬೋಟು ಓಡುವುದೇ ಇಲ್ಲ ಎಂದರೆ ಅನ್ಯಾಯವಾದೀತು. ಓಡುತ್ತದೆ. ಕೋಡಿ ಬೆಂಗ್ರೆಯವರೆಗೆ ಹೋಗಿ ಬಂದಿದ್ದೇವೆ. ಒಂದು ಕಡೆ ಹೊಳೆ, ಒಂದು ಕಡೆ ಕಡಲು, ನಡುವೆ ತೆಂಗಿನ ಸಾಲು, ಸೂರ್ಯ ಮುಳುಗುತ್ತಿದ್ದಾನೆ. ಇದನ್ನೆಲ್ಲ ನೋಡಲು ಜನ ದುಡ್ಡು ಕೊಟ್ಟು ಎಲ್ಲೆಲ್ಲಿಂದಲೋ ಬರುತ್ತಾರೆ. ಭಾವ ಸೂರ್ಯನಿಗೆ ಬೆನ್ನು ಹಾಕಿ, ಇಂಜಿನ್ ಗೂಡಿಗೆ ಕಿವಿ ಕೊಟ್ಟು ಕೂತಿದ್ದರು. ಅವತ್ತು ಇಂಜಿನ್ ಒಂದು ಸಲವೂ ತಪ್ಪು ಸದ್ದು ಮಾಡಲಿಲ್ಲ. ದಡಕ್ಕೆ ಬರುವಾಗ ಭಾವ ಮಂಕಾಗಿದ್ದರು. ಮರುದಿನ ಗೇರ್‌ಬಾಕ್ಸಿನಲ್ಲಿ ಎಣ್ಣೆ ಸೋರುತ್ತಿದೆ ಎಂಬ ಫೋನು ಬಂದಾಗ ಆ ದನಿಯಲ್ಲಿ ಮೊದಲಿನ ಕಳೆ ಇತ್ತು.

ಮನೆಯ ವೇದಾಂತವೂ ಬೋಟಿನಿಂದಲೇ ಬರುತ್ತದೆ. ಶಾಫ್ಟ್ ಹೊರಹೋಗುವ ತೂತಿನಲ್ಲಿ ಗ್ಲ್ಯಾಂಡ್ ಎಂಬುದೊಂದಿದೆ, ಅದರೊಳಗೆ ಗ್ರೀಸು ಹಚ್ಚಿದ ಹಗ್ಗ ಸುತ್ತಿ ಬಿಗಿಯುತ್ತಾರೆ. ಪೂರ್ತಿ ಬಿಗಿದರೆ ಶಾಫ್ಟ್ ಬಿಸಿಯಾಗಿ ಹಗ್ಗ ಸುಡುತ್ತದೆ, ಹಾಗಾಗಿ ಓಡುವಾಗ ತೊಟ್ಟು ತೊಟ್ಟಾಗಿ ನೀರು ಬೀಳಲೇಬೇಕು. ಅಡುಗೆಮನೆಯ ನಲ್ಲಿ ಸೋರುತ್ತಿದೆ ಎಂದು ಅಕ್ಕ ದೂರಿದರೆ, "ಸ್ವಲ್ಪ ಸೋರಬೇಕು," ಎಂಬ ಉತ್ತರ ಸಿದ್ಧ. ನನ್ನ ಸ್ಥಿತಿಯೂ ಬೇರೆಯಲ್ಲ. ಮೊನ್ನೆ ಮಣಿಪಾಲದ ಬಸ್ಸಿನಲ್ಲಿ ಕೂತವನು ಕಂಡಕ್ಟರಿಗೆ, "ನಿಮ್ಮ ಬಸ್ಸಿನ ಒಂದು ಇಂಜೆಕ್ಟರ್ ಸರಿ ಇಲ್ಲ ಮಾರಾಯ್ರೆ," ಎಂದೆ. ಅವನು ನನ್ನ ಚಿಲ್ಲರೆ ಕೊಡದೆ ಮುಂದೆ ಹೋದ.

ಭಾವ ಬ್ಯಾಂಕಿನಲ್ಲಿದ್ದವರು, ಸರ್ವಿಸಿನ ಬಹುಪಾಲು ಕಡಲ ಬದಿಯ ಶಾಖೆಗಳಲ್ಲೇ. ಬೋಟಿಗೆ ಸಾಲ ಕೊಡುವುದು, ಕಂತು ವಸೂಲು ಮಾಡುವುದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳು ಮೀನಿಗೆ ಹೋಗುವಂತಿಲ್ಲ. ಸರಕಾರಕ್ಕೆ ಅದು ಮೀನು ಮರಿಮಾಡುವ ಕಾಲ, ಭಾವನಿಗೆ ಕಂತು ಬಾರದ ಕಾಲವಾಗಿತ್ತು. ಈಗ ಎಲ್ಲರ ಬೋಟೂ ದಡದಲ್ಲಿರುವುದರಿಂದ ಮೇಸ್ತ್ರಿಗಳು ಸಿಕ್ಕದ ಕಾಲ. ಬಂದರಿನಲ್ಲಿ ನಿಂತರೆ ಪ್ರತಿ ಬೋಟೂ ಅವರಿಗೆ ಖಾತೆಯಿಂದ ಗೊತ್ತು, ಯಾವುದು ಸಕಾಲಕ್ಕೆ ಕಟ್ಟಿದ್ದು, ಯಾವುದು ಸತಾಯಿಸಿದ್ದು. ಹತ್ತಿದ್ದು ಮಾತ್ರ ಒಂದನ್ನೂ ಇಲ್ಲ. ಕಡತ ಹಿಡಿದು ದಕ್ಕೆಯ ಮೇಲೆ ನಿಲ್ಲುವುದು, ಇಂಜಿನ್ ನಂಬರು ಬರೆದುಕೊಳ್ಳುವುದು, ವಾಪಸು ಬರುವುದು.

ಒಂದು ಸಂಜೆ ಗ್ಲ್ಯಾಂಡ್ ಬಿಗಿಯುತ್ತಾ ಒಳಗಿನಿಂದಲೇ ಹೇಳಿದರು. ಕಂತು ಕಟ್ಟದ ಬೋಟನ್ನು ಜಪ್ತಿ ಮಾಡಿ ದಡಕ್ಕೆ ಎಳೆಸುತ್ತಿದ್ದರಂತೆ. ಕಾಗದಪತ್ರ ಮುಗಿದು ಹರಾಜಾಗುವಷ್ಟರಲ್ಲಿ ಬೇಸಿಗೆ ಕಳೆದಿರುತ್ತಿತ್ತು. ಬಿಸಿಲಿಗೆ ಹಲಗೆ ಒಣಗಿ ಸಂದಿ ಬಾಯಿಬಿಟ್ಟು ಹತ್ತಿ ಹೊರಗೆ ಬಂದಿರುತ್ತಿತ್ತು, ಇಂಜಿನ್ ಹಿಡಿದುಹೋಗಿರುತ್ತಿತ್ತು. ಕೊಳ್ಳುವವನಿಲ್ಲ. ಸಾಲ ತೆಗೆದವನು ದಿನಾ ಆ ದಾರಿಯಲ್ಲೇ ಬೇರೆಯವರ ಬೋಟಿಗೆ ಕೂಲಿಗೆ ಹೋಗುತ್ತಿದ್ದ, ಭಾವನನ್ನು ಕಂಡರೆ ನಮಸ್ಕಾರ ಹೇಳುತ್ತಿದ್ದ. "ನಮಸ್ಕಾರ ಯಾಕೆ ಹೇಳ್ತಿದ್ದನೋ," ಎಂದರು ಭಾವ.

"ಇದೂ ಹಾಗೆ ಜಪ್ತಿಯಾದ್ದಾ ಭಾವ?"

"ಟಾರ್ಚು ನೆಟ್ಟಗೆ ಹಿಡಿ ಮಾರಾಯ."

ಅವರ ಹುಟ್ಟುಹಬ್ಬಕ್ಕೆ ಉಡುಪಿಯ ಅಂಗಡಿಯಿಂದ ಹಣೆಗೆ ಕಟ್ಟಿಕೊಳ್ಳುವ ಟಾರ್ಚು ತಂದುಕೊಟ್ಟೆ. ಉದ್ದೇಶ ಪೂರ್ತಿ ಸ್ವಾರ್ಥದ್ದು. ಭಾವ ಅದನ್ನು ಕಟ್ಟಿಕೊಂಡು ಕನ್ನಡಿ ನೋಡಿಕೊಂಡರು, ಅಕ್ಕನಿಗೆ ತೋರಿಸಿದರು, ನನ್ನ ಬೆನ್ನು ತಟ್ಟಿದರು. ಭಾನುವಾರ ಬೆಳಿಗ್ಗೆ ಎಂದಿನಂತೆ ಫೋನು.

"ಈಗ ನಿನಗೆ ಎರಡೂ ಕೈ ಖಾಲಿ ಅಲ್ವಾ? ಬಾ, ಸಿಲಿಂಡರ್ ಹೆಡ್ ಎತ್ತಲಿಕ್ಕುಂಟು."