ಕಬಡ್ಡಿ ಆಯ್ಕೆ ಮೀಮಾಂಸೆ

ಅಥ. ಶಾಸ್ತ್ರಗ್ರಂಥವೆಂದ ಮೇಲೆ ಹೀಗೇ ಆರಂಭವಾಗಬೇಕು. ಈ ಎರಡಕ್ಷರ ಬಿದ್ದರೆ ಸಾಕು, ಮುಂದೆ ಏನು ಬರೆದರೂ ಓದುಗರು ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. ವಿಷಯ: ಭಾರತದ ಕಬಡ್ಡಿ ತಂಡದ ಆಯ್ಕೆ. ಕಾಲ: ಜಪಾನಿನ ಐಚಿ–ನಗೋಯಾದಲ್ಲಿ 2026ರ ಸೆಪ್ಟೆಂಬರ್ 19ಕ್ಕೆ ಶುರುವಾಗುವ ಏಷ್ಯನ್ ಗೇಮ್ಸ್‌ಗೆ ಮುಂಚಿನ, ಎಲ್ಲರೂ ಎಲ್ಲವನ್ನೂ ಬಲ್ಲ ಕಾಲ. ದೇಶ: ಪಡುವಲಿಗೆ ಕಾಪುವಿನ ದೀಪಸ್ತಂಭ, ಮೂಡಲಿಗೆ ಕಾರ್ಕಳದ ಗೊಮ್ಮಟ, ನಡುವೆ ಉಡುಪಿ ಮತ್ತು ಮಣಿಪಾಲ. ಅಧಿಕಾರಿ, ಅಂದರೆ ಈ ಶಾಸ್ತ್ರವನ್ನು ಓದಲು ಯೋಗ್ಯ: ಒಂದು ಪ್ಲೇಟು ಗೋಳಿಬಜೆ ಮುಂದಿಟ್ಟುಕೊಂಡು ಎದುರಿನವನ ಮಾತನ್ನು ಅರ್ಧಕ್ಕೆ ಕತ್ತರಿಸಬಲ್ಲ ಯಾರಾದರೂ. ಪ್ರಯೋಜನ: ಇಲ್ಲ.

ಕಬಡ್ಡಿಯೇ ಯಾಕೆ, ರಗ್ಬಿ ಯಾಕಲ್ಲ ಎಂದು ಪೂರ್ವಪಕ್ಷಿ ಕೇಳಬಹುದು. ನ್ಯೂಜಿಲೆಂಡಿನಲ್ಲಿ ರಗ್ಬಿ ತಂಡದ ಪಟ್ಟಿ ಹೊರಬಿದ್ದ ದಿನ ದೇಶಕ್ಕೆ ದೇಶವೇ ಅದನ್ನೇ ಮಾತಾಡುತ್ತದಂತೆ. 2027ರ ವಿಶ್ವಕಪ್ ಆಸ್ಟ್ರೇಲಿಯಾದಲ್ಲಿ, ಜಗಳಕ್ಕೆ ಇನ್ನೂ ಸಾಕಷ್ಟು ಸಮಯ ಉಂಟು. ನಮ್ಮ ಸಿದ್ಧಾಂತ ಇಷ್ಟೇ: ರಗ್ಬಿಯೂ ಕಬಡ್ಡಿಯೇ. ಅಡ್ಡಗಟ್ಟುವುದು, ಸೊಂಟಕ್ಕೆ ಕೈ ಹಾಕುವುದು, ಒಬ್ಬನ ಮೇಲೆ ನಾಲ್ವರು ಬೀಳುವುದು ಎಲ್ಲ ಅಲ್ಲಿಯೂ ಇದೆ. ಏಷ್ಯನ್ ಗೇಮ್ಸ್‌ನ ರಗ್ಬಿಯಲ್ಲಿ ಆಡುವವರೂ ಏಳೇ ಜನ. ಹೆಚ್ಚಿಗೆ ಇರುವುದು ಒಂದು ಚೆಂಡು. ವೇದಾಂತದ ಭಾಷೆಯಲ್ಲಿ ಅದು ಉಪಾಧಿ; ಉಪಾಧಿ ಕಳಚಿದರೆ ಉಳಿಯುವುದು ಕಬಡ್ಡಿ. ಈ ವಾದ ಮಂಡಿಸಿದಾಗ ಕೃಷ್ಣಮಠದ ರಥಬೀದಿಯವರು ಮುಖ ಸಿಂಡರಿಸಿದರು. ಉಪಾಧಿ ಕಳಚಿ ಎರಡನ್ನು ಒಂದು ಮಾಡುವ ಪದ್ಧತಿ ಉಡುಪಿಯಲ್ಲಿ ನಡೆಯುವುದಿಲ್ಲ ಮಾರಾಯ್ರೆ, ಶೃಂಗೇರಿ ಕಡೆ ಕೇಳಿ ನೋಡಿ ಎಂದರು.

ಆಯ್ಕೆಶಾಸ್ತ್ರದಲ್ಲಿ ನಾಲ್ಕು ಪಂಥಗಳಿವೆ. ಹಿರಿದು ರಥಬೀದಿ ಪಂಥ. ಇವರಿಗೆ ಭೇದವೇ ಸತ್ಯ. ಮಧ್ವಾಚಾರ್ಯರ ಪಂಚಭೇದವನ್ನು ಕಬಡ್ಡಿಗೆ ಅನ್ವಯಿಸಿದ್ದು ಇವರ ಸಾಧನೆ. ಆಯ್ಕೆಗಾರ ಬೇರೆ, ಆಟಗಾರ ಬೇರೆ. ಮೊದಲನೆಯವನು ಸ್ವತಂತ್ರ, ಎರಡನೆಯವನು ಪರತಂತ್ರ. ಆಟಗಾರನಿಗೂ ಆಟಗಾರನಿಗೂ ಭೇದ: ಹರಿಯಾಣದ ಹುಡುಗನ ತೊಡೆಯೇ ಬೇರೆ, ನಮ್ಮವನದ್ದೇ ಬೇರೆ. ಆಯ್ಕೆಗಾರನಿಗೂ ಅಂಕಣಕ್ಕೂ ಇರುವ ಭೇದವನ್ನು ಎದುರಾಳಿಗಳೂ ಒಪ್ಪುತ್ತಾರೆ; ಅವರಿಬ್ಬರನ್ನು ಒಟ್ಟಿಗೆ ಕಂಡವರಿಲ್ಲ. ಆಟಗಾರನಿಗೂ ಅಂಕಣಕ್ಕೂ ಇರುವ ಭೇದ ಮೊಣಕೈ ತರಚಿದಾಗ ಪ್ರತ್ಯಕ್ಷ. ಇನ್ನು ಐದನೆಯದು, ಜಡಕ್ಕೂ ಜಡಕ್ಕೂ ಇರುವ ಭೇದ. ಇಲ್ಲಿ ಪಂಥದ ಪ್ರತಿಭೆಯೆಲ್ಲ ಖರ್ಚಾಗಿದೆ: ಮಣ್ಣು ಮತ್ತು ಮ್ಯಾಟ್.

ಇದು ತಮಾಷೆಯ ಮಾತಲ್ಲ. ನಮ್ಮ ಹುಡುಗರು ಮಣ್ಣಿನಂಕಣದಲ್ಲಿ ಬರಿಗಾಲಲ್ಲಿ ಬೆಳೆದವರು. ದಾಳಿಗೆ ಹೋದವನು ಹೆಬ್ಬೆರಳನ್ನು ಮಣ್ಣಿಗೆ ಊರಿ, ಇನ್ನೊಂದು ಕಾಲನ್ನು ಬೋನಸ್ ಗೆರೆಯಾಚೆ ಚಾಚುತ್ತಾನೆ. ಊರಿದ ಆ ಹೆಬ್ಬೆರಳೇ ಅವನ ಲಂಗರು. ಮ್ಯಾಟಿನ ಮೇಲೆ ಶೂ ಹಾಕಿಸುತ್ತಾರೆ. ಹೆಬ್ಬೆರಳು ರಬ್ಬರಿನೊಳಗೆ ಕುರುಡಾಗುತ್ತದೆ, ಪಾದ ಹಿಡಿದಲ್ಲಿ ಹಿಡಿದುಕೊಳ್ಳುತ್ತದೆ, ಮೊಣಕಾಲು ಮಾತ್ರ ತಿರುಗುತ್ತದೆ. ಹಿಡಿತಗಾರನಿಗೋ ಮಣ್ಣಿನಲ್ಲಿ ಜಾರಿಕೊಂಡು ಬಂದು ಹಿಮ್ಮಡಿ ಹಿಡಿಯುವ ಅಭ್ಯಾಸ. ಮ್ಯಾಟಿನಲ್ಲಿ ಜಾರುವುದು ಚರ್ಮ ಮಾತ್ರ. ಆಯ್ಕೆ ಶಿಬಿರದಿಂದ ವಾರದೊಳಗೆ ವಾಪಸಾದವರ ಕತೆಯನ್ನು ಕೇಳಿದರೆ ಅದು ಆಯ್ಕೆಗಾರನ ಬಳಿಗೆ ಹೋಗುವ ಮುಂಚೆ ಶೂ ಹತ್ತಿರ ನಿಲ್ಲುತ್ತದೆ. ಪಂಥದ ಹಿರಿಯರು ಮಾತ್ರ ಈ ಲೌಕಿಕ ಕಾರಣವನ್ನು ಒಪ್ಪುವುದಿಲ್ಲ. ತಾರತಮ್ಯ ಅನಾದಿ ಎನ್ನುತ್ತಾರೆ.

ಮಣಿಪಾಲ ಪಂಥ ಅಂಕಿಗಳ ಪಂಥ. ಸಂಜೆ ಎಂಡ್ ಪಾಯಿಂಟ್‌ನಲ್ಲಿ ಸ್ವರ್ಣಾ ನದಿ ನೋಡಲು ಬರುವ ಇದರ ಅನುಯಾಯಿಗಳು ನದಿಯನ್ನು ಬಿಟ್ಟು ಫೋನ್ ನೋಡುತ್ತಾರೆ. ಅದರಲ್ಲಿ ಪ್ರೊ ಕಬಡ್ಡಿಯ ಪ್ರತಿ ದಾಳಿಯ ಲೆಕ್ಕವಿದೆ. ‘ಡು ಆರ್ ಡೈ’ ನಿಯಮ ಇವರಿಗೆ ಬೇಗ ಅರ್ಥವಾಯಿತು: ಎರಡು ದಾಳಿ ಖಾಲಿ ಹೋದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲವಾದರೆ ಹೊರಗೆ. ಕಾಲೇಜಿನ ಹಾಜರಾತಿ ನಿಯಮಕ್ಕಿಂತ ಇದೇ ಉದಾರ ಎಂಬುದು ಅವರ ಅಭಿಪ್ರಾಯ. ಕಬಡ್ಡಿ ಕಬಡ್ಡಿ ಎಂದು ಒಂದೇ ಉಸಿರಿನಲ್ಲಿ ಹೇಳಿ ನೋಡಿ ಎಂದು ಕೇಳಿದರೆ ಮಾತ್ರ ಅದಕ್ಕೆ ಬೇರೆ ವಿಭಾಗವಿದೆ ಎನ್ನುತ್ತಾರೆ.

ಕಾಪು ಪಂಥದ ಗ್ರಂಥಗಳು ಉಪಲಬ್ಧವಿಲ್ಲ. 1901ರಿಂದ ನಿಂತಿರುವ ದೀಪಸ್ತಂಭದ ಬುಡದಲ್ಲಿ ಬಲೆ ಸರಿಮಾಡುತ್ತಿದ್ದವರು ಹೇಳಿದ್ದು ಒಂದೇ ಸೂತ್ರ: ದೋಣಿ ದಡಕ್ಕೆ ಬರಲಿ, ಆಮೇಲೆ ಮೀನು ಎಣಿಸುವ. ಇಷ್ಟು ಚಿಕ್ಕ ಸೂತ್ರಕ್ಕೆ ಭಾಷ್ಯ ಬರೆಯಲು ಬರುವುದಿಲ್ಲವಾದ್ದರಿಂದ ವಿದ್ವಾಂಸರು ಈ ಪಂಥವನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ.

ಕಾರ್ಕಳ ಪಂಥಕ್ಕೆ ಶಿಲೆಯೇ ಪ್ರಮಾಣ. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ 42 ಅಡಿಯ ಬಾಹುಬಲಿ ಇವರ ಆದರ್ಶ ಆಟಗಾರ. ಕೈ ಇಳಿಬಿಟ್ಟಿದ್ದಾನೆ, ಆತುರದ ಹಿಡಿತವಿಲ್ಲ. ಆರು ಶತಮಾನದಲ್ಲಿ ಒಮ್ಮೆಯೂ ಗೆರೆ ದಾಟಿಲ್ಲ. ಗೆದ್ದ ಮೇಲೂ ತೊಡೆ ತಟ್ಟಲಿಲ್ಲ, ಗೆದ್ದದ್ದನ್ನೇ ಬಿಟ್ಟುಕೊಟ್ಟ. ಇಂಥ ಸಂಯಮಿಗಳು ಈಗಿನ ಪಟ್ಟಿಯಲ್ಲಿ ಎಲ್ಲಿದ್ದಾರೆ ಎಂಬುದು ಇವರ ಪ್ರಶ್ನೆ. ಇನ್ನೂ ಸ್ವಲ್ಪ ಕೆದಕಿದರೆ ಇವರ ನಿಜವಾದ ನೋವು ಹೊರಬರುತ್ತದೆ: ಕಾರ್ಕಳದ ಸುಕೇಶ್ ಹೆಗ್ಡೆ 2017ರಲ್ಲಿ ಗುಜರಾತ್ ತಂಡದ ನಾಯಕನಾಗಿ ಪ್ರೊ ಕಬಡ್ಡಿ ಫೈನಲ್‌ವರೆಗೆ ಹೋದದ್ದು ಹೌದಷ್ಟೆ, ಮತ್ತೆ ದೇಶದ ತಂಡಕ್ಕೆ ಯಾಕಿಲ್ಲ? ಈ ‘ಮತ್ತೆ ಯಾಕಿಲ್ಲ’ ಎಂಬುದು ನಾಲ್ಕೂ ಪಂಥಗಳಿಗೆ ಸಮಾನವಾದ ಮಹಾವಾಕ್ಯ.

ಈಗ ಇತಿಹಾಸ. 1936ರ ಬರ್ಲಿನ್ ಒಲಿಂಪಿಕ್ಸ್ ವೇಳೆ ಅಮರಾವತಿಯ ವ್ಯಾಯಾಮಶಾಲೆಯವರು ಈ ಆಟವನ್ನು ಆಡಿ ತೋರಿಸಿದರು. 1990ರಲ್ಲಿ ಬೀಜಿಂಗ್‌ನಲ್ಲಿ ಏಷ್ಯನ್ ಗೇಮ್ಸ್‌ಗೆ ಸೇರಿತು. ಅಲ್ಲಿಂದ ಸತತ ಏಳು ಚಿನ್ನ. ಆ ಇಪ್ಪತ್ತನಾಲ್ಕು ವರ್ಷ ಆಯ್ಕೆಶಾಸ್ತ್ರ ಸೊರಗಿತು. ಯಾರನ್ನು ಕಳಿಸಿದರೂ ಗೆಲ್ಲುವಾಗ ವಿದ್ವಾಂಸನಿಗೆ ಏನು ಕೆಲಸ? ಶಾಸ್ತ್ರದ ಪುನರುಜ್ಜೀವನಕ್ಕೆ ನಾವು ಇರಾನಿಗೆ ಋಣಿಗಳು. 2018ರಲ್ಲಿ ಜಕಾರ್ತದ ಸೆಮಿಫೈನಲ್‌ನಲ್ಲಿ ಅವರು 27–18ರಿಂದ ನಮ್ಮನ್ನು ಹೊರದಬ್ಬಿದ ರಾತ್ರಿ ಉಡುಪಿ ಸೀಮೆಯಲ್ಲಿ ಮಲಗಿದವರು ಕಡಿಮೆ.

ಅದೇ ವರ್ಷ ನಡೆದ ಇನ್ನೊಂದು ಪ್ರಸಂಗವನ್ನು ಲೋಕ ಮರೆತಿದೆ, ಶಾಸ್ತ್ರಕಾರ ಮರೆಯುವಂತಿಲ್ಲ. ಆಯ್ಕೆ ಸರಿಯಿಲ್ಲವೆಂದು ಕರ್ನಾಟಕದ ಮಾಜಿ ಅಂತರರಾಷ್ಟ್ರೀಯ ಆಟಗಾರ ಹೊನ್ನಪ್ಪ ಗೌಡರೂ ಸೇರಿ ಕೆಲವರು ದೆಹಲಿ ಹೈಕೋರ್ಟಿಗೆ ಹೋದರು. ಕೋರ್ಟು ಹೇಳಿತು: ಗೇಮ್ಸ್ ಮುಗಿದು ಬರಲಿ, ಆಯ್ಕೆಯಾದವರಿಗೂ ಆಯ್ಕೆಯಾಗದವರಿಗೂ ಒಂದು ಪಂದ್ಯ ಆಡಿಸಿ ನೋಡುವ. ಜಗತ್ತಿನ ಯಾವ ಆಟದ ಚರಿತ್ರೆಯಲ್ಲಾದರೂ ಇಂಥ ಆದೇಶ ಇದ್ದರೆ ತೋರಿಸಿ. ಗೂಡಂಗಡಿಗಳು ತಲೆಮಾರಿನಿಂದ ಕೇಳುತ್ತಿದ್ದ ಪ್ರಯೋಗ ಅದು. ಸೆಪ್ಟೆಂಬರ್ 15ರಂದು ದೆಹಲಿಯ ಇಂದಿರಾ ಗಾಂಧಿ ಕ್ರೀಡಾಂಗಣಕ್ಕೆ ಆಯ್ಕೆಯಾಗದವರು ಬಂದು ಕಾದರು. ಆಯ್ಕೆಯಾದವರು ಬರಲೇ ಇಲ್ಲ. ಹೀಗೆ ನಮ್ಮ ಶಾಸ್ತ್ರ ವಿಜ್ಞಾನವಾಗುವುದು ಕೂದಲೆಳೆಯಲ್ಲಿ ತಪ್ಪಿತು.

2023ರಲ್ಲಿ ಹಾಂಗ್‌ಝೌ ಫೈನಲ್, ಮತ್ತೆ ಇರಾನ್. 28–28, ಉಳಿದದ್ದು ಎರಡು ನಿಮಿಷಕ್ಕೂ ಕಡಿಮೆ. ಪವನ್ ಸೆಹ್ರಾವತ್ ಡು ಆರ್ ಡೈ ದಾಳಿಗೆ ಹೋಗಿ ಯಾರನ್ನೂ ಮುಟ್ಟದೆ ಬದಿಯ ಲಾಬಿಗೆ ಕಾಲಿಟ್ಟರು; ಅವರ ಬೆನ್ನಿಗೆ ಇರಾನಿನ ಹಿಡಿತಗಾರರೂ ಲಾಬಿಗೆ ಇಳಿದರು. ಹಳೆಯ ನಿಯಮದಲ್ಲಿ ಭಾರತಕ್ಕೆ ನಾಲ್ಕಂಕ, ಹೊಸದರಲ್ಲಿ ಇಬ್ಬರಿಗೂ ಒಂದೊಂದು. ತೀರ್ಪು ಒಮ್ಮೆ ಹೀಗೆ, ಒಮ್ಮೆ ಹಾಗೆ. ಆಟಗಾರರು ಮ್ಯಾಟಿನ ಮೇಲೇ ಕುಳಿತರು. ಸುಮಾರು ಒಂದು ಗಂಟೆ ಆಟ ನಿಂತಿತು. ಕೊನೆಗೆ 33–29, ಚಿನ್ನ ನಮಗೆ. ಆ ಒಂದು ಗಂಟೆಯನ್ನು ರಥಬೀದಿ ಪಂಥದವರು ಕಬಡ್ಡಿಯ ಇತಿಹಾಸದ ಶ್ರೇಷ್ಠ ಭಾಗವೆಂದು ಪರಿಗಣಿಸುತ್ತಾರೆ. ಅಲ್ಲಿ ಆಟ ಇರಲಿಲ್ಲ, ಬರೇ ವಾದ.

ಪರಿಹಾರವೇನು? ಉಡುಪಿಯಲ್ಲಿ ಹುಟ್ಟಿದ ಶಾಸ್ತ್ರಕ್ಕೆ ಪರಿಹಾರವೂ ಉಡುಪಿಯಲ್ಲೇ ಸಿಗುತ್ತದೆ: ಪರ್ಯಾಯ. ಎಂಟು ಮಠ, ಕೃಷ್ಣಪೂಜೆಯ ಸರದಿ ತಲಾ ಎರಡು ವರ್ಷ. ವಾದಿರಾಜರು 1522ರಲ್ಲಿ ಹಾಕಿಕೊಟ್ಟ ಈ ಕ್ರಮದಲ್ಲಿ ಶಿಬಿರವಿಲ್ಲ, ಅರ್ಹತಾ ಸುತ್ತಿಲ್ಲ, ಮುಂದಿನ ಸರದಿ ಯಾರದ್ದೆಂದು ಊರಿನ ಮಗುವಿಗೂ ಗೊತ್ತು. ಇದನ್ನೇ ಕಬಡ್ಡಿಗೆ ತಂದು ಒಂದು ಏಷ್ಯನ್ ಗೇಮ್ಸ್‌ಗೆ ಒಂದು ರಾಜ್ಯ ಎಂದು ಇಟ್ಟರೆ ವ್ಯಾಜ್ಯವೇ ಇಲ್ಲ. ಮಣಿಪಾಲದವರು ಲೆಕ್ಕ ಹಾಕಿದರು: 28 ರಾಜ್ಯ, ನಾಲ್ಕು ವರ್ಷಕ್ಕೊಂದು ಕೂಟ, ಸುತ್ತು ಮುಗಿಯಲು 112 ವರ್ಷ. ಹರಿಯಾಣದ ಒಪ್ಪಿಗೆ ಬಾಕಿ ಇದೆ.

ಪ್ರತ್ಯಕ್ಷ ಪ್ರಮಾಣ ಬೇಕೆನ್ನುವವರು ಕಂಬಳದ ಕರೆಗೆ, ಅಂದರೆ ಕೋಣಗಳು ಓಡುವ ಕೆಸರುಗದ್ದೆಗೆ, ಹೋಗಬೇಕು. ಅಲ್ಲಿ ಆಯ್ಕೆ ಸಮಿತಿ ಇಲ್ಲ. ಗುರಿಯ ಮಂಜೊಟ್ಟಿಗೆ ಯಾವ ಜೋಡಿ ಮೊದಲು ಮುಟ್ಟಿತೋ ಅದು ಗೆದ್ದಿತು, ಅನುಮಾನವಿದ್ದರೆ ಲೇಸರ್ ಹೇಳುತ್ತದೆ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದಾಗ ಪತ್ರಿಕೆಗಳು ಭಾಗಾಕಾರ ಮಾಡಿ ನೂರು ಮೀಟರಿಗೆ 9.55 ಎಂದವು, ಬೋಲ್ಟ್ ದಾಖಲೆ 9.58. ಕೇಂದ್ರದ ಕ್ರೀಡಾ ಸಚಿವರೇ ಟ್ರಯಲ್ಸ್‌ಗೆ ಕರೆದರು. ಗೌಡರು ಒಲ್ಲೆನೆಂದರು: ಓಡಿದ್ದು ಕೋಣಗಳು, ತನ್ನದು ಕೆಸರಿನಲ್ಲಿ ಪಳಗಿದ ಕಾಲು. ಅದೇ ತಿಂಗಳು ಕಾರ್ಕಳ ತಾಲೂಕಿನ ಬಜಗೋಳಿಯ ನಿಶಾಂತ್ ಶೆಟ್ಟರು 9.51ಕ್ಕೆ ಇಳಿಸಿದರು. ಆಯ್ಕೆಯಾಗದವರು ಕೋರ್ಟಿಗೆ ಹೋಗುವ ದೇಶದಲ್ಲಿ, ಆಯ್ಕೆಯೇ ಮನೆ ಬಾಗಿಲಿಗೆ ಬಂದಾಗ ಕೋಣದ ಪಾಲನ್ನು ಕೋಣಕ್ಕೆ ಬಿಟ್ಟುಕೊಟ್ಟ ಮನುಷ್ಯನನ್ನು ಯಾವ ಪಂಥಕ್ಕೆ ಸೇರಿಸಬೇಕೆಂದು ಶಾಸ್ತ್ರಕ್ಕೆ ತಿಳಿಯುತ್ತಿಲ್ಲ.

ಇನ್ನು ಶಾಸನಾಧಾರಗಳು. ಮಳೆ ಬಿಟ್ಟು ಗದ್ದೆ ಒಣಗಿದ ಮೇಲೆ ನಮ್ಮಲ್ಲಿ ವೃತ್ತಕ್ಕೊಂದು ಫ್ಲೆಕ್ಸ್ ಏಳುತ್ತದೆ. ಹಳಗನ್ನಡದ ಶಾಸನಗಳಂತೆ ಇವಕ್ಕೂ ಕ್ರಮವಿದೆ. ಮೇಲೆ ದೇವರು, ಕೆಳಗೆ ದಾನಿಗಳ ಪ್ರಶಸ್ತಿ, ಭಾವಚಿತ್ರ ಸಹಿತ, ನಡುವೆ ‘ಹೊನಲು ಬೆಳಕಿನ 65 ಕೆ.ಜಿ. ವಿಭಾಗದ ಪುರುಷರ ಕಬಡ್ಡಿ ಪಂದ್ಯಾಟ’. ಪ್ರಥಮ, ದ್ವಿತೀಯ ಬಹುಮಾನದ ಮೊತ್ತ. ದಾನವನ್ನು ಅಳಿದವರಿಗೆ ಶಾಪ ಹಾಕುವ ಜಾಗದಲ್ಲಿ ‘ತೀರ್ಪುಗಾರರ ತೀರ್ಮಾನವೇ ಅಂತಿಮ’. ಕೊನೆಯ ಸಾಲಿನಲ್ಲಿ, ಒಮ್ಮೊಮ್ಮೆ, ಸಣ್ಣ ಅಕ್ಷರದಲ್ಲಿ: ‘ಮಹಿಳೆಯರ ಪ್ರದರ್ಶನ ಪಂದ್ಯ’. ಮೊತ್ತ ಇಲ್ಲ.

ಈ ಕೊನೆಯ ಸಾಲನ್ನು ನಾಲ್ಕೂ ಪಂಥಗಳು ಪ್ರಕ್ಷಿಪ್ತವೆಂದು ತಳ್ಳಿಹಾಕಿವೆ. ಶಾಸ್ತ್ರದಲ್ಲಿ ಹೆಣ್ಣುಮಕ್ಕಳ ಅಧ್ಯಾಯ ಇಲ್ಲವೇ ಇಲ್ಲ. ಕಾರಣ ತಾರ್ಕಿಕವಾದದ್ದು: ಈ ಶಾಸ್ತ್ರ ಹುಟ್ಟುವುದು ‘ಮತ್ತೆ ಯಾಕಿಲ್ಲ’ ಎಂಬ ಪ್ರಶ್ನೆಯಿಂದ, ಅವರೋ ತಂಡದಲ್ಲಿ ಇದ್ದರು. ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ 2010ರ ಗುವಾಂಗ್‌ಝೌ ಮತ್ತು 2014ರ ಇಂಚಿಯಾನ್, ಎರಡೂ ಏಷ್ಯನ್ ಗೇಮ್ಸ್‌ಗಳ ಚಿನ್ನದ ತಂಡಗಳಲ್ಲಿದ್ದರು. 2012ರಲ್ಲಿ ಪಟ್ನಾದಲ್ಲಿ ಮೊದಲ ಮಹಿಳಾ ವಿಶ್ವಕಪ್ ನಡೆದಾಗ ಭಾರತದ ನಾಯಕಿ ಅವರೇ. ಫೈನಲ್‌ನಲ್ಲಿ ಇರಾನ್ ವಿರುದ್ಧ 25–19. 2014ರಲ್ಲಿ ಅರ್ಜುನ ಪ್ರಶಸ್ತಿ. ಕೆಲಸ ಕೊಟ್ಟದ್ದು ದಕ್ಷಿಣ ಮಧ್ಯ ರೈಲ್ವೆ, ಸಿಕಂದರಾಬಾದಿನಲ್ಲಿ. ಎರಡನೆಯ ಮಹಿಳಾ ವಿಶ್ವಕಪ್ ಬರಲು ಹದಿಮೂರು ವರ್ಷ ಹಿಡಿಯಿತು. 2025ರ ನವೆಂಬರಿನಲ್ಲಿ ಢಾಕಾದಲ್ಲಿ ಚೈನೀಸ್ ತೈಪೆಯನ್ನು 35–28ರಿಂದ ಸೋಲಿಸಿದ ಭಾರತ ತಂಡದಲ್ಲಿ ಸುರತ್ಕಲ್‌ನ ಧನಲಕ್ಷ್ಮಿ ಪೂಜಾರಿ ಇದ್ದರು. ಎರಡು ವಿಶ್ವಕಪ್, ಎರಡಕ್ಕೂ ನಮ್ಮ ಕರಾವಳಿಯ ಹುಡುಗಿ. ಗೂಡಂಗಡಿಯಲ್ಲಿ ಇದರ ಮೇಲೆ ಒಂದು ಚಾ ಕೂಡ ಖರ್ಚಾಗಿಲ್ಲ.

ನಡುವೆ 2016ರಲ್ಲಿ ಪ್ರೊ ಕಬಡ್ಡಿಯವರು ಮಹಿಳೆಯರಿಗೆ ಮೂರು ತಂಡಗಳ ಒಂದು ಪುಟ್ಟ ಲೀಗ್ ಮಾಡಿ ನೋಡಿದರು. ಫೈನಲ್‌ನಲ್ಲಿ ಮಮತಾ ನಾಯಕತ್ವದ ಫೈರ್ ಬರ್ಡ್ಸ್, ಕರ್ನಾಟಕದವರೇ ಆದ ತೇಜಸ್ವಿನಿ ಬಾಯಿಯ ಸ್ಟಾರ್ಮ್ ಕ್ವೀನ್ಸ್ ಎದುರು 24–23ರಲ್ಲಿ ಸೋತಿತು. ಒಂದೇ ಅಂಕ. ಮರುವರ್ಷ ಆ ಲೀಗ್ ಇರಲಿಲ್ಲ. ಜಕಾರ್ತದಲ್ಲಿ ಗಂಡಸರು ಸೋತರೆಂದು ನಾವು ಎದೆ ಬಡಿದುಕೊಂಡೆವು. ಮಹಿಳೆಯರ ಫೈನಲ್‌ನಲ್ಲಿ ನಮ್ಮನ್ನು 27–24ರಿಂದ ಸೋಲಿಸಿದ ಇರಾನ್ ತಂಡಕ್ಕೆ ಕೋಚ್ ಆಗಿದ್ದವರು ನಾಸಿಕ್‌ನ ಶೈಲಜಾ ಜೈನ್ ಎಂಬುದು ಯಾವ ಪಂಥದ ಗಮನಕ್ಕೂ ಬರಲಿಲ್ಲ. ಹಾಂಗ್‌ಝೌನಲ್ಲಿ ಗಂಡಸರ ಆ ಪ್ರಸಿದ್ಧ ವಾದ ನಡೆದ ದಿನವೇ ಮಹಿಳೆಯರು ತೈಪೆಯನ್ನು 26–25ರಲ್ಲಿ ಗೆದ್ದು ಚಿನ್ನ ತೆಗೆದುಕೊಂಡಿದ್ದರು. ಅಲ್ಲಿ ಆಟ ಗಂಟೆಗಟ್ಟಲೆ ನಿಲ್ಲಲಿಲ್ಲ, ಹಾಗಾಗಿ ಶಾಸ್ತ್ರಕ್ಕೆ ಸಾಮಗ್ರಿಯೂ ಸಿಗಲಿಲ್ಲ.

ನಗೋಯಾದಲ್ಲಿ ಯಾರು ಗೆಲ್ಲುತ್ತಾರೆ ಎಂಬ ಪ್ರಶ್ನೆಗೆ ಈ ಗ್ರಂಥ ಕಾಪು ಪಂಥವನ್ನೇ ಅನುಸರಿಸುತ್ತದೆ. ಅಷ್ಟರೊಳಗೆ ಫ್ಲೆಕ್ಸ್ ಮುದ್ರಿಸುವ ಸಂಘಟಕರಲ್ಲಿ ಒಂದು ಅರಿಕೆ: ಈ ಸಲ ಕೊನೆಯ ಸಾಲನ್ನು ಎರಡು ಸಾಲು ಮೇಲಕ್ಕೆ ಎತ್ತಿ, ಅಕ್ಷರ ದಪ್ಪ ಮಾಡಿ, ‘ಪ್ರದರ್ಶನ’ ಎಂಬುದನ್ನು ತೆಗೆದು, ಎದುರಿಗೆ ಬಹುಮಾನದ ಮೊತ್ತ ಬರೆಯಿರಿ. ಆ ಪಂದ್ಯವನ್ನು ಊಟದ ಹೊತ್ತಿಗೆ ಇಡಬೇಡಿ.