ಹಲ್ಲಿನ ಲೆಕ್ಕ

(ಬಳ್ಳಾರಿಯ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನ ಹೊರಗಿನ ಕಟ್ಟೆ. ಸಿರುಗುಪ್ಪದ ತಿಪ್ಪಣ್ಣ, ಭತ್ತದ ಮೂಟೆ ಹೊರುವ ಹಮಾಲಿ. ಕುರುಗೋಡಿನ ಈರಮ್ಮ, ಮೆಣಸಿನಕಾಯಿ ಬಿಡಿಸುವ ಕೂಲಿ. ಇಬ್ಬರ ದವಡೆಯೂ ಊದಿದೆ, ಎಡ ಬಲ ಮಾತ್ರ ಬೇರೆ.)

ಈರಮ್ಮ: ಎಂದಿನಿಂದ ನೋವಣ್ಣಾ?

ತಿಪ್ಪಣ್ಣ: ಮುಂಗಾರಿಯಿಂದ ತಂಗೀ. ಲವಂಗ ಇಟ್ಟೆ, ಹೊಗೆಸೊಪ್ಪು ಇಟ್ಟೆ, ಮೆಡಿಕಲ್ ಶಾಪಿನವ ಕೊಟ್ಟ ಗುಳಿಗಿ ನುಂಗಿದೆ. ಈಗ ಡಾಕ್ಟರು ಅಂತಾರ, ಹಲ್ಲು ಉಳಿಸಬಹುದು, ಬೇರು ಸ್ವಚ್ಛ ಮಾಡಾಕ ಮೂರ್ನಾಕು ಸಲ ಬಾ ಅಂತ.

ಈರಮ್ಮ: ಒಳ್ಳೇದಲ್ಲ?

ತಿಪ್ಪಣ್ಣ: ಹಲ್ಲಿಗೆ ಒಳ್ಳೇದು. 50 ಕಿಲೋಮೀಟರ್ ಮ್ಯಾಲೆ ದಾರಿ, ಸಲಕ್ಕೊಂದು ದಿನದ ಕೂಲಿ ಖೋತಾ. ಕೀಳಾಕ ಒಂದೇ ಸಲ ಸಾಕಂತ. ಕಿತ್ತುಬಿಡ್ರಿ ಅಂದೆ.

ಈರಮ್ಮ: ನಮ್ಮ ಹೆಣ್ಮಕ್ಕಳಿಗೆ 2023ರಿಂದ ಬಸ್ಸು ಪುಕ್ಕಟೆ. ಕೂಲಿ ಮಾತ್ರ ಬಸ್ಸಿನ ಹಿಂದೆ ಓಡಿ ಬರಂಗಿಲ್ಲ.

ತಿಪ್ಪಣ್ಣ: ಗ್ವಾಡಿ ಮ್ಯಾಲೆ ಬರದಾರ, ದಿನಕ್ಕೆ ಎರಡು ಸಲ ಹಲ್ಲುಜ್ಜ್ರಿ ಅಂತ.

ಈರಮ್ಮ: ನಮ್ಮ ಓಣಿಯಾಗ ನಳ ಬರೋದೇ ವಾರಕ್ಕೆರಡು ಸಲ.

(ಗೋಡೆಗೂ ನಳಕ್ಕೂ ಮಾತುಕತೆ ಇದ್ದಂತಿಲ್ಲ.)

ತಿಪ್ಪಣ್ಣ: ಚಿಂತಿ ಬ್ಯಾಡ. 2014ರಾಗ 'ದಂತ ಭಾಗ್ಯ' ಬಂತಲ್ಲ, ಬಿಪಿಎಲ್ ಮುದುಕರಿಗೆ ಪುಕ್ಕಟೆ ಹಲ್ಲಿನ ಸೆಟ್ಟು!

ಈರಮ್ಮ: ಅಂದ್ರ ಹಲ್ಲು ಹೋದ ಮ್ಯಾಲೆ ಭಾಗ್ಯ?

ತಿಪ್ಪಣ್ಣ: ಹೂಂ. ಅಲ್ಲೀತನಕ ಒಂದೊಂದೇ ಕೀಳಿಸ್ಕೋತ ಹೋಗೋದು.

ಈರಮ್ಮ: ಆ ಸೆಟ್ಟಿಗೆ ಎಷ್ಟು ಸಲ ಬರಬೇಕಣ್ಣಾ?

ತಿಪ್ಪಣ್ಣ: (ಬೆರಳು ಮಡಚುತ್ತಾ) ಅಳತೆಗೊಂದು, ಕಚ್ಚಿ ನೋಡಾಕೊಂದು, ಕೂಡಿಸಾಕೊಂದು, ವಸಡು ಒತ್ತಿದ್ರ ತಿಕ್ಕಿಸಾಕೊಂದು...

ಈರಮ್ಮ: ಸಾಕು ಬಿಡಣ್ಣಾ. ಬೊಚ್ಚುಬಾಯೇ ಅಗ್ಗ.