ಗೂಟ, ಹಗ್ಗ ಮತ್ತು ಲಂಗರು

ಬೀದರಿನ ಮೈಲೂರದಲ್ಲಿ ಎಮ್ಮೆ ಕಟ್ಟಿ ಬಲ್ಲವನಿಗೆ ಲಂಗರು ಹಾಕುವ ಶಾಸ್ತ್ರದ ಅರ್ಧಭಾಗ ತಾನಾಗಿಯೇ ಕರಗತವಾಗಿರುತ್ತದೆ ಎಂಬ ಮಾತನ್ನು, ಬೀದರ ನಗರವು ಕಡಲಿಂದ ಬಹುದೂರ, ಆರುನೂರಕ್ಕೂ ಹೆಚ್ಚು ಮೀಟರು ಎತ್ತರದ ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲಿದೆ ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕುವುದು ತರವಲ್ಲ. ಲಂಗರೆಂದರೆ ನೀರಿನಡಿಯ ಗೂಟ. ಎಮ್ಮೆ ಹುಲ್ಲನ್ನರಸಿ ಗೂಟದ ಸುತ್ತ ತಿರುಗುವಂತೆ ದೋಣಿಯು ಗಾಳಿ ಬೀಸಿದತ್ತ ಲಂಗರಿನ ಸುತ್ತ ತಿರುಗುತ್ತದೆ, ಮತ್ತು ಪಕ್ಕದವರ ಗೂಟ ಹತ್ತಿರವಿದ್ದರೆ ಎರಡು ಹಗ್ಗಗಳೂ ಎರಡು ಮನೆತನಗಳೂ ಒಟ್ಟಿಗೆ ಸಿಕ್ಕುಬೀಳುತ್ತವೆ. ವ್ಯತ್ಯಾಸವಿಷ್ಟೇ: ಗೂಟವನ್ನು ಬಡಿದು ಹೂಳುತ್ತಾರೆ, ಲಂಗರನ್ನು ಎಳೆದು ಹೂಳುತ್ತಾರೆ. ಹಗ್ಗವನ್ನು ನೀರಿನ ಆಳದ ಐದರಿಂದ ಏಳು ಪಟ್ಟು ಬಿಟ್ಟಾಗ ಎಳೆತವು ಅಡ್ಡವಾಗಿ ಬಿದ್ದು ಕೊಕ್ಕೆ ಮರಳಿನಲ್ಲಿ ಕಚ್ಚಿಕೊಳ್ಳುತ್ತದೆ; ಜಿಪುಣತನ ಮಾಡಿದರೆ ಅದು ಮೂಲಂಗಿಯಂತೆ ಸಲೀಸಾಗಿ ಕಿತ್ತುಬರುತ್ತದೆ.

ಉಳಿದರ್ಧ ಶಾಸ್ತ್ರವನ್ನು ಕಲಿಸಲು ಹವಳದ್ವೀಪಗಳೇ ಬೇಕು. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರ ಎಂಬ ಅಮಿನ್‌ದೀವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿನ ಓಡಂಗಳು, ಅಂದರೆ ಹಾಯಿಯ ಮರದ ಹಡಗುಗಳು, ತೆಂಗಿನ ನಾರನ್ನು ಮಂಗಳೂರಿಗೆ ತಂದು ಅಕ್ಕಿಯನ್ನು ಒಯ್ಯುತ್ತಿದ್ದವು. ಇಂಥ ದ್ವೀಪಗಳಲ್ಲಿ ನೆಲವು ಸಾಮಾನ್ಯವಾಗಿ ಪೂರ್ವದ ಅಂಚಿಗಿದ್ದು, ಪಶ್ಚಿಮಕ್ಕೆ ಹವಳದ ದಿಬ್ಬವು ಕಾಂಪೌಂಡಿನಂತೆ ಸುತ್ತುವರಿದಿರುತ್ತದೆ. ಕಡಲಿನ ಅಲೆ ಅದಕ್ಕೆ ತಲೆ ಚಚ್ಚಿಕೊಂಡು ನೊರೆಯಾದರೆ ಒಳಗಿನ ಆಳವಿಲ್ಲದ ಕೊಳ ಮಾತ್ರ ಹರಿವಾಣದ ನೀರಿನಂತೆ ಅಲುಗದೆ ಇರುತ್ತದೆ. ತೊಡಕಿರುವುದು ಒಳಗೆ ಹೋಗುವುದರಲ್ಲಿ, ಏಕೆಂದರೆ ಈ ಕಾಂಪೌಂಡಿನ ಗೇಟು ನೀರಿನೊಳಗಿದೆ. ಸೂರ್ಯನು ನೆತ್ತಿಯ ಹತ್ತಿರ, ಬೆನ್ನ ಹಿಂದೆ ಇರುವಾಗ ನೀರಿನ ಬಣ್ಣವನ್ನೇ ಓದಬೇಕು: ಕಡುನೀಲಿಯೆಂದರೆ ಆಳ, ತಿಳಿಹಸಿರೆಂದರೆ ಮರಳಿನ ಮೇಲಿನ ತೆಳುನೀರು, ಕಂದು ಎಂದರೆ ದೋಣಿಯ ಹೊಟ್ಟೆ ಸೀಳಲು ಕಾದು ಕೂತ ಹವಳ. ಎದುರುಬಿಸಿಲಿನಲ್ಲಿ ಮೂರೂ ಒಂದೇ ಬೆಳ್ಳಿಯ ತಗಡು.

ತಳದ ಪರೀಕ್ಷೆಗೆ ಹಳೆಯ ನಾವಿಕರು ಸೀಸದ ಗುಂಡಿನ ಬುಡದ ಕುಳಿಗೆ ಕೊಬ್ಬು ಬಳಿದು ಹಗ್ಗದಲ್ಲಿ ಇಳಿಬಿಡುತ್ತಿದ್ದರು; ಮೇಲೆ ಬಂದ ಕೊಬ್ಬಿಗೆ ಮರಳೋ ಕೆಸರೋ ಅಂಟಿದ್ದರೆ ಲಂಗರು ನಿಲ್ಲುತ್ತದೆ, ಬರಿದಾಗಿದ್ದರೆ ತಳ ಕಲ್ಲು. ಬೋರ್‌ವೆಲ್ಲಿನ ಬಾಯಿಂದ ಹಾರಿದ ಪುಡಿಯನ್ನು ಅಂಗೈಯಲ್ಲಿ ಉಜ್ಜಿ ನೋಡಿ ಮುಖ ಸಪ್ಪಗೆ ಮಾಡುವ ಔರಾದಿನ ರೈತನಿಗೆ ಈ ವಿಧಾನದಲ್ಲಿ ಹೊಸದೇನೂ ಕಾಣದು. ಹವಳದ ಮೇಲೆ ಲಂಗರು ಬಿಡುವುದಂತೂ ಇಬ್ಬದಿಯ ನಷ್ಟ: ಹವಳ ಮುರಿಯುತ್ತದೆ, ಹಗ್ಗ ಸವೆಯುತ್ತದೆ.

ಬೀದರಿಗೆ ಬಂದರಿನ ಗೊಡವೆ ಏಕೆ ಎನ್ನುವವರು ಮಹಮೂದ್ ಗವಾನನನ್ನು ನೆನೆಯಬೇಕು. ಇರಾನಿನ ಗೀಲಾನ್ ಸೀಮೆಯ ಈತ 15ನೆಯ ಶತಮಾನದ ನಡುವಿನಲ್ಲಿ ದಾಭೋಳ ಬಂದರಿನಲ್ಲಿ ಇಳಿದು ಬೀದರಿಗೆ ಬಂದು ಬಹಮನಿಯ ವಜೀರನಾದನು. 1472ರಲ್ಲಿ ಆತ ಗೆದ್ದ ಗೋವೆಗೆ ಅಪ್ಪಣೆಗಳು ಹೋಗುತ್ತಿದ್ದುದು, ಓಡಂ ಹೋಗಲಿ ತೆಪ್ಪವನ್ನೂ ಬಿಟ್ಟು ತೋರಿಸಲು ಕೋಟೆಯ ಕಂದಕವೊಂದೇ ಇದ್ದ ಈ ಗುಡ್ಡದಿಂದ.

ಇಷ್ಟೆಲ್ಲ ಶಾಸ್ತ್ರವೂ ನೈಋತ್ಯ ಮಳೆಗಾಳಿ ಏಳುವವರೆಗೆ ಮಾತ್ರ. ಜೂನ್ ಬಂತೆಂದರೆ ದ್ವೀಪದವರು ಆಸರೆಯ ನೀರನ್ನು ಹುಡುಕುವ ಗೋಜಿಗೇ ಹೋಗದೆ, ಓಡಂಗಳನ್ನು ದಡಕ್ಕೆಳೆದು, ಹೊರೆ ಹೊರೆ ಗರಿ ಹೊದಿಸಿ, ಎಮ್ಮೆಗಳಂತೆ ಕೊಟ್ಟಿಗೆಯಲ್ಲೇ ನಿಲ್ಲಿಸುತ್ತಿದ್ದರು.